ತಪ್ಪು ನ್ಯಾಯಾಲಯದಲ್ಲಿ ಖುಲಾಸೆಯಾದ ಸಿಗರೇಟು

ನಮ್ಮ ವಕೀಲರ ಸಂತಾಪ ಸಭೆಯಲ್ಲಿ ಮೊದಲು ಮಾತನಾಡಿದ ಗಣ್ಯರು ಅವರನ್ನು 'ಯಾವ ದುಶ್ಚಟವೂ ಇಲ್ಲದ ಸಾತ್ವಿಕ ಜೀವ' ಎಂದು ಬಣ್ಣಿಸಿದರು. ಎರಡನೆಯ ಗಣ್ಯರು, ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧವಾದ ದಿನವೇ ಕಾನೂನಿಗೆ ತಲೆಬಾಗಿ ಸಿಗರೇಟು ತ್ಯಜಿಸಿದ ಮಹನೀಯರು ಎಂದರು. ಎಂದೂ ಸೇದದವರು ಒಂದು ನಿರ್ದಿಷ್ಟ ದಿನ ಬಿಟ್ಟದ್ದು ಹೇಗೆ ಎಂಬ ಪ್ರಶ್ನೆ ಕೊಪ್ಪದ ಆ ಸಭಾಂಗಣದಲ್ಲಿ ಯಾರನ್ನೂ ಬಾಧಿಸಿದಂತೆ ಕಾಣಲಿಲ್ಲ. ಮೂರನೆಯವರು ಅವರು ವಕೀಲಿ ಆರಂಭಿಸಿದ ಇಸವಿಯನ್ನು ಹೇಳಿದರು. ಅದು ನಿಜವಾದರೆ ನಮ್ಮ ವಕೀಲರು ಹೈಸ್ಕೂಲಿನ ಸಮವಸ್ತ್ರದ ಮೇಲೆಯೇ ಕರಿಕೋಟು ತೊಟ್ಟಿರಬೇಕು. ಸತ್ತವರ ಕುರಿತು ಒಳ್ಳೆಯದನ್ನೇ ಆಡಬೇಕೆಂಬುದು ಸರಿ. ಆದರೆ ಒಳ್ಳೆಯದು ಪರಸ್ಪರ ಹೊಂದಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಹೀಗಾಗಿ ಈ ಬರಹ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಕಾಲತ್ತಿಗೆ ಸಹಿ ಪಡೆಯದೆ ತಮ್ಮ ಪರವಾಗಿ ಯಾರೂ ಬಾಯಿ ತೆರೆಯಬಾರದು ಎಂಬುದು ಅವರ ಖಚಿತ ನಿಲುವಾಗಿತ್ತು, ಮತ್ತು ನನ್ನ ಬಳಿ ಅಂಥ ವಕಾಲತ್ತು ಇಲ್ಲ. ತಾರೀಕಿನ ವಿಷಯ ಮಾತ್ರ ಮೊದಲೇ ಇತ್ಯರ್ಥಪಡಿಸುತ್ತೇನೆ. ನಿಷೇಧದ ನಿಯಮ ಜಾರಿಗೆ ಬಂದದ್ದು ೨೦೦೮ರ ಅಕ್ಟೋಬರ್ ೨ರಂದು; ಅದನ್ನು ಯಾವ ಗ್ರಂಥಾಲಯದಲ್ಲಾದರೂ ತಾಳೆ ನೋಡಬಹುದು. ವಕೀಲರು ಸಿಗರೇಟು ಬಿಟ್ಟದ್ದು ಅದಕ್ಕೂ ಹಿಂದಿನ ವರ್ಷದ ಬೇಸಿಗೆಯಲ್ಲಿ. ಅದರಲ್ಲಿ ಸರ್ಕಾರದ ಪಾತ್ರವಿರಲಿಲ್ಲ. ನನ್ನ ಪಾತ್ರವೂ ಇರಲಿಲ್ಲವೆಂದು ಹೇಳಲು ಸಂಕೋಚವಾಗುತ್ತದೆ, ಆದರೆ ಸತ್ಯ ಅದೇ.

ನಾನು ಶ್ವಾಸಕೋಶದ ರೋಗನಿರೋಧಕ ಕಣಗಳ ಅಧ್ಯಯನದಲ್ಲಿ ವೃತ್ತಿಜೀವನವನ್ನೆಲ್ಲ ಕಳೆದು, ನಿವೃತ್ತನಾಗಿ ೨೦೦೪ರಲ್ಲಿ ಕೊಪ್ಪಕ್ಕೆ ಬಂದು ನೆಲೆಸಿದೆ. ವಕೀಲರು ಪಕ್ಕದ ಮನೆಯವರು. ಮೊದಲ ಪರಿಚಯ ಕಾಂಪೌಂಡ್ ಗೋಡೆಯ ಮೇಲಿಂದ ಆಯಿತು. ಎತ್ತರದ, ತೆಳ್ಳಗಿನ ಮನುಷ್ಯ. ಸಿಗರೇಟನ್ನು ಕಿರುಬೆರಳು ಮತ್ತು ಉಂಗುರಬೆರಳಿನ ಸಂದಿಯಲ್ಲಿ ಸಿಕ್ಕಿಸಿ, ಮುಷ್ಟಿ ಕಟ್ಟಿ, ಹೆಬ್ಬೆರಳಿನ ಕಡೆಯಿಂದ ಎಳೆಯುತ್ತಿದ್ದರು. ಅವರಷ್ಟು ಶ್ರದ್ಧೆಯಿಂದ ಪ್ರಾಣಾಯಾಮ ಮಾಡುವವರನ್ನೂ ನಾನು ಕಂಡಿಲ್ಲ.

"ಹೋಯ್, ನೀವು ಶ್ವಾಸಕೋಶದವರಂತೆ? ಕೆಮ್ಮಿಗೆ ಎಂತಾದ್ರೂ ಮದ್ದು ಕೊಡ್ತೀರಾ?"

"ನಾನು ವೈದ್ಯನಲ್ಲ, ಸಂಶೋಧಕ."

"ಅಂದ್ರೆ ರೋಗ ಗೊತ್ತು, ಮದ್ದು ಗೊತ್ತಿಲ್ಲ. ತೊಂದ್ರೆ ಇಲ್ಲ ಬಿಡಿ, ನಾವೂ ಅದೇ ಜಾತಿ. ನಮಗೆ ಕಾನೂನು ಗೊತ್ತು, ನ್ಯಾಯ ಗೊತ್ತಿಲ್ಲ."

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ಊರಿನ ನ್ಯಾಯಾಲಯಗಳಲ್ಲಿ ಅವರು ವಾದಿಸುತ್ತಿದ್ದರು. ಶೃಂಗೇರಿಯಲ್ಲಿ ಯಾತ್ರಿಕರ ವಸತಿಗೃಹಗಳ ಬಾಡಿಗೆ ತಕರಾರು, ಎನ್.ಆರ್. ಪುರದಲ್ಲಿ ಗದ್ದೆಯ ಪಾಲು, ಕೊಪ್ಪದಲ್ಲಿ ಪರ್ಮಿಟ್ ಇಲ್ಲದೆ ಕಾಡುಮರದ ನಾಟಾ ಸಾಗಿಸಿ ಸಿಕ್ಕಿಬಿದ್ದ ಲಾರಿಗಳು. ನ್ಯಾಯಾಲಯದ ಭಾಷೆ ಅವರ ಮನೆಯ ಅಡುಗೆಕೋಣೆಯವರೆಗೂ ಹಬ್ಬಿತ್ತು. ಊಟಕ್ಕೆ ಕೂತವರು ಒಂದು ತುತ್ತು ಉಂಡು, "ಸಾರಿಗೆ ಉಪ್ಪಿಲ್ಲ, ದಾಖಲಾಗಲಿ" ಎನ್ನುವರು. ಅವರ ಪತ್ನಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಅಂಜುವ ಪೈಕಿಯವರಲ್ಲ. "ಉಪ್ಪು ಎದುರಿಗೇ ಇದೆ, ಅದೂ ದಾಖಲಾಗಲಿ" ಎನ್ನುವರು.

ಅವರ ಇನ್ನೊಂದು ನಿಯಮ, ವಾದವನ್ನು ನಿಂತೇ ಮಾಡಬೇಕೆಂಬುದು. ಯಾವ ವಕೀಲರೂ ನ್ಯಾಯಾಧೀಶರ ಎದುರು ನಿಂತೇ ಮಾತನಾಡುತ್ತಾರೆ ಎಂದು ಓದುಗರು ಹೇಳಬಹುದು. ಆದರೆ ಮಿಕ್ಕವರು ನಿಲ್ಲುವುದು ಪದ್ಧತಿಗಾಗಿ, ಇವರು ನಿಲ್ಲುತ್ತಿದ್ದುದು ಧರ್ಮಕ್ಕಾಗಿ. ಮೇಜಿಗೆ ಒರಗಿದವರನ್ನು ಕಂಡರೂ ಅವರಿಗೆ ತಾತ್ಸಾರ. "ಕೂತು ವಾದ ಮಾಡೋದು ಬಸ್ಸಲ್ಲಿ ಮಾರಾಯ್ರೆ, ಅದೂ ಸೀಟ್ ಸಿಕ್ರೆ" ಎನ್ನುತ್ತಿದ್ದರು. ಇಂಥ ಮನುಷ್ಯನನ್ನೇ ಹುಡುಕಿಕೊಂಡು ಕಾಲಿನ ಕಾಯಿಲೆ ಬಂತು.

ಕಾಲಿನದು ಎಂದು ಊರು ಹೇಳುತ್ತಿತ್ತು. ಅದು ಮಿದುಳು ಮತ್ತು ಬೆನ್ನುಹುರಿಯದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ನರದ ತಂತುಗಳಿಗೆ ವಿದ್ಯುತ್ ತಂತಿಗಿರುವಂತೆ ಒಂದು ಹೊದಿಕೆಯಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಅದನ್ನು ಶತ್ರುವೆಂದು ತಪ್ಪು ತಿಳಿದು ಕಡಿಯುತ್ತವೆ. ಹೊದಿಕೆ ಹೋದ ಕಡೆ ಸಂದೇಶ ಸೋರಿಹೋಗುತ್ತದೆ. ಒಮ್ಮೆ ಕಣ್ಣು ಮಂಜಾಗುತ್ತದೆ, ಒಮ್ಮೆ ಪಾದ ಜೋಮು ಹಿಡಿಯುತ್ತದೆ, ಒಮ್ಮೆ ಕಾಲೇ ಮಾತು ಕೇಳುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಸುಧಾರಿಸುವುದೂ ಉಂಟು, ಆದ್ದರಿಂದ ಆ ವಾರಗಳಲ್ಲಿ ಯಾರು ಯಾವ ಮದ್ದು ಕೊಟ್ಟಿದ್ದರೋ ಅವರಿಗೆಲ್ಲ ಕೀರ್ತಿ ಬರುತ್ತದೆ.

ನಮ್ಮ ವಕೀಲರ ಪ್ರಕರಣದಲ್ಲಿ ಕೀರ್ತಿವಂತರು ಅನೇಕರಿದ್ದರು. ಮೊದಲ ಸಲ ಕಣ್ಣು ಮಂಜಾದಾಗ ಪಿತ್ತವೆಂದರು. ಪಾದ ಜೋಮು ಹಿಡಿದಾಗ ವಾಯುವೆಂದರು. ಶೃಂಗೇರಿಯಲ್ಲಿ ಜಾತಕ ನೋಡಿದವರೊಬ್ಬರು ಗ್ರಹವೊಂದನ್ನು ಹೆಸರಿಸಿ ಆರೋಪಪಟ್ಟಿ ಸಲ್ಲಿಸಿದರು. ಎಲ್ಲಕ್ಕೂ ಮಿಗಿಲಾಗಿ ನಮ್ಮ ಸೀಮೆಯ ಸರ್ವರೋಗ ಚಿಕಿತ್ಸೆಯೊಂದಿದೆ: ಮೈಗೆ ಎಣ್ಣೆ ತಿಕ್ಕಿ, ಹಂಡೆಯಲ್ಲಿ ಕುದಿಯುವ ನೀರನ್ನು ಚರ್ಮ ತಡೆಯುವಷ್ಟು ಹೊಯ್ದು, ಬಚ್ಚಲಿನ ಹೊಗೆಯಲ್ಲಿ ಕೂರಿಸುವುದು. ಈ ಕಾಯಿಲೆಯಲ್ಲಿ ಮೈ ಬಿಸಿಯಾದಷ್ಟೂ ನರಗಳು ಇನ್ನಷ್ಟು ಸೋಲುತ್ತವೆ. ಅಭ್ಯಂಜನ ಮುಗಿದಾಗ ವಕೀಲರಿಗೆ ಬಚ್ಚಲಿನಿಂದ ಏಳಲಾಗಲಿಲ್ಲ. ನೆಂಟರು ಸೇರಿ ಚರ್ಚಿಸಿ, ಎಣ್ಣೆ ಸಾಲಲಿಲ್ಲ, ನೀರು ಬಿಸಿಯಾಗಲಿಲ್ಲ ಎಂಬ ನಿರ್ಣಯಕ್ಕೆ ಬಂದು ಮುಂದಿನ ಶನಿವಾರ ಎರಡನ್ನೂ ಹೆಚ್ಚಿಸಿದರು. ಚಿಕಿತ್ಸೆ ವಿಫಲವಾದಾಗ ಪ್ರಮಾಣ ಏರಿಸುವುದು ದೊಡ್ಡ ಆಸ್ಪತ್ರೆಗಳಿಗೂ ಅಪರಿಚಿತವಲ್ಲವಾದ್ದರಿಂದ ನಾನು ನಗಲಾರೆ. ಆ ಎರಡನೆಯ ಶನಿವಾರ ಅವರನ್ನು ಬಚ್ಚಲಿನಿಂದ ಹೊತ್ತು ತಂದರಂತೆ. ಹೊರುವಾಗಲೂ ಅವರ ಕೈಯಲ್ಲಿ ಸಿಗರೇಟಿತ್ತು, ಅದನ್ನು ಬಚ್ಚಲೊಲೆಯ ಕೆಂಡದಲ್ಲೇ ಹಚ್ಚಿಕೊಂಡಿದ್ದರು ಎಂದು ಅವರ ಪತ್ನಿ ಇಂದಿಗೂ ಹೇಳುತ್ತಾರೆ.

ಕೊನೆಗೆ ಘಟ್ಟ ಇಳಿದು ಕರಾವಳಿಯ ಆಸ್ಪತ್ರೆಯೊಂದಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದ ಮೇಲೆ ಕಾಯಿಲೆಯ ನಿಜನಾಮ ಹೊರಬಿತ್ತು. ಅದು ನಾನು ಬರುವುದಕ್ಕೆ ಮುಂಚಿನ ಮಾತು. ನಾನು ಬಂದಾಗ ಅವರು ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದರು, ಕೋಲು ಹಿಡಿದಿರಲಿಲ್ಲ. ಸಾವಿನ ಬಗ್ಗೆ ಅವರಿಗೆ ಯಾವ ಭಯವೂ ಇದ್ದಂತೆ ಕಾಣಲಿಲ್ಲ. ಭಯವಿದ್ದದ್ದು ಕುರ್ಚಿಯ ಬಗ್ಗೆ.

"ಎಷ್ಟು ವರ್ಷ ನಿಲ್ಲಬಹುದು? ಅದೊಂದು ಹೇಳಿ ಸಾಕು" ಎಂದು ನನ್ನನ್ನು ಕೇಳಿದ್ದರು.

ಹೇಳಲು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಂದನ್ನು ಹೇಳಿದೆ: ಸಿಗರೇಟು ಬಿಡಿ, ಬಿಟ್ಟರೆ ಹೆಚ್ಚು ಕಾಲ ನಿಲ್ಲುವ ಸಾಧ್ಯತೆ ಇದೆ.

"ಇದು ಆರೋಪ" ಎಂದರು ವಕೀಲರು. "ಸಾಬೀತು ಮಾಡಿ. ಮಾಡಿದ್ರೆ ಇವತ್ತೇ ಬಿಡ್ತೇನೆ. ಆಗ್ಲಿಲ್ವಾ, ಇನ್ನು ಈ ವಿಷಯಕ್ಕೆ ನೀವು ಬಾಯಿ ತೆರೀಬಾರದು."

ಹಾಗೆ ಒಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ವಿಚಾರಣೆ ನಡೆಯಿತು. ಆರೋಪಿ ಸಿಗರೇಟು, ಸ್ಟೀಲ್ ತಟ್ಟೆಯಲ್ಲಿ ಹಾಜರಿತ್ತು. ನ್ಯಾಯಾಧೀಶರು ಅವರ ಪತ್ನಿ. ಬೀನ್ಸ್ ಮುರಿಯುತ್ತ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಪರಿಣತ ಸಾಕ್ಷಿ. ಆರೋಪಿಯ ಪರ ವಕೀಲರು, ಸಹಜವಾಗಿ, ನಿಂತಿದ್ದರು.

"ಸಾಕ್ಷಿದಾರರೇ, ನೀವು ಅಧ್ಯಯನ ಮಾಡಿದ್ದು ಯಾರ ಶ್ವಾಸಕೋಶ?"

"ಹೆಚ್ಚಾಗಿ ಇಲಿಗಳದ್ದು."

"ಇಲಿ ಸಿಗರೇಟ್ ಸೇದ್ತಿತ್ತಾ?"

"ಪೆಟ್ಟಿಗೆಯಲ್ಲಿಟ್ಟು ಹೊಗೆ ಬಿಡುತ್ತಿದ್ದೆವು."

"ಅಂದ್ರೆ ಬಲವಂತ. ದಾಖಲಾಗಲಿ. ಇಲಿ ಸ್ವಂತ ಇಚ್ಛೆಯಿಂದ ಸೇದಿದ್ದಲ್ಲ. ನಾನು ಸ್ವಂತ ಇಚ್ಛೆಯಿಂದ ಸೇದ್ತೇನೆ. ಇವೆರಡು ಬೇರೆ ಬೇರೆ ಪ್ರಕರಣ. ಇರಲಿ. ಹೊಗೆ ಎಲ್ಲಿಗೆ ಹೋಗ್ತದೆ?"

"ಶ್ವಾಸಕೋಶಕ್ಕೆ."

"ನನ್ನ ಕಾಯಿಲೆ ಎಲ್ಲಿದೆ?"

"ಮಿದುಳು ಮತ್ತು ಬೆನ್ನುಹುರಿಯಲ್ಲಿ."

"ಎರಡರ ನಡುವೆ ಎಂತ ಇದೆ?"

"ಕುತ್ತಿಗೆ" ಎಂದರು ನ್ಯಾಯಾಧೀಶರು, ತಲೆ ಎತ್ತದೆ. "ಅದನ್ನ ಸ್ವಲ್ಪ ತಗ್ಗಿಸಿ ಅವರು ಹೇಳೋದು ಕೇಳಿ."

ನಾನು ಅವರ ಲಾರಿಗಳ ಭಾಷೆಯಲ್ಲೇ ಹೇಳತೊಡಗಿದೆ. ನಾಟಾ ತುಂಬಿದ ಲಾರಿ ರಸ್ತೆಗಿಳಿದ ಮಾತ್ರಕ್ಕೆ ಚೆಕ್‌ಪೋಸ್ಟ್ ದಾಟಲಾರದು. ಅರಣ್ಯ ಇಲಾಖೆಯ ರೇಂಜ್ ಆಫೀಸಿನ ಪರ್ಮಿಟ್ ಬೇಕು. ಹಾಗೆಯೇ ರಕ್ತದಲ್ಲಿ ಓಡಾಡುವ ರೋಗನಿರೋಧಕ ಕಣಗಳು ಮಿದುಳಿನೊಳಗೆ ಸುಲಭವಾಗಿ ನುಗ್ಗಲಾರವು. ನಡುವೆ ಬಿಗಿಯಾದ ಗೋಡೆಯಿದೆ. ನರದ ಹೊದಿಕೆಯನ್ನು ಶತ್ರುವೆಂದು ತಿಳಿದ ಪುಂಡ ಕಣಗಳು ಆರೋಗ್ಯವಂತರ ರಕ್ತದಲ್ಲೂ ಅಷ್ಟಿಷ್ಟು ಇರುತ್ತವೆ, ಆದರೆ ಪರ್ಮಿಟ್ ಇಲ್ಲದೆ ಅಲೆದಾಡಿಕೊಂಡಿರುತ್ತವೆ. ಈಗ ಶ್ವಾಸಕೋಶವನ್ನು ರೇಂಜ್ ಆಫೀಸು ಎಂದುಕೊಳ್ಳಿ. ದೇಹದ ರಕ್ತವೆಲ್ಲ ಅದರ ಮೂಲಕ ಹಾದುಹೋಗಬೇಕು, ಹೊರಗಿನ ಗಾಳಿ ದೇಹವನ್ನು ಮುಟ್ಟುವುದೂ ಅಲ್ಲೇ. ಅಲ್ಲಿ ಕಾವಲು ಕಣಗಳಿವೆ. ಧೂಳು, ಹೂವಿನ ಪರಾಗ ಮುಂತಾದ ನಿರಪರಾಧಿಗಳನ್ನು ಗದ್ದಲವಿಲ್ಲದೆ ಗುಡಿಸಿಹಾಕುವುದು ಅವುಗಳ ಕೆಲಸ. ದಿನವೂ ಹೊಗೆ ಬಂದರೆ ಆ ಕಚೇರಿಯಲ್ಲಿ ಶಾಶ್ವತ ಗಲಾಟೆ. ಕಾವಲು ಕಣಗಳು ಕೆರಳುತ್ತವೆ, ಅಪಾಯದ ಸಂದೇಶಗಳನ್ನು ಎಲ್ಲ ಕಡೆಗೂ ಕಳಿಸುತ್ತವೆ, ನೆರವಿಗೆ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಆ ಗದ್ದಲದಲ್ಲಿ ಯಾರಿಗೆ ಬೇಕಾದರೂ ಪರ್ಮಿಟ್ ಸಿಗುವಂತಾಗುತ್ತದೆ. ಪುಂಡ ಕಣಗಳು ಅಲ್ಲಿ ತಂಗಿ, ಚುರುಕಾಗಿ, ಗೋಡೆ ದಾಟುವ ಅನುಮತಿ ಪಡೆದು ಮಿದುಳಿನತ್ತ ಹೊರಡುತ್ತವೆ ಎಂಬುದು ನಮ್ಮ ಗುಮಾನಿ.

ವಕೀಲರು ಪೂರ್ತಿ ಕೇಳಿಸಿಕೊಂಡರು. ನನಗೆ ಗೆದ್ದೆನೆಂಬ ಭ್ರಮೆ ಬಂತು. ಅವರು ಒಳ್ಳೆಯ ವಕೀಲರೆಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಡ.

"ಚೆಂದ ಹೇಳಿದ್ರಿ. ಆ ಪರ್ಮಿಟ್ ಕೊಡೋದನ್ನ ನೀವು ಕಣ್ಣಾರೆ ಕಂಡಿದ್ದೀರಾ?"

"ಇಲ್ಲ."

"ಕಂಡವರು ಯಾರಾದ್ರೂ?"

"ಸದ್ಯಕ್ಕೆ ಇಲ್ಲ."

"ನನ್ನ ಶ್ವಾಸಕೋಶದ ಒಳಗಿಂದ ಮಾದರಿ ತೆಗೆದು ನೋಡಿದ್ದೀರಾ?"

"ಇಲ್ಲ."

"ಪ್ರತ್ಯಕ್ಷ ಸಾಕ್ಷಿ ಇಲ್ಲ, ವಸ್ತು ಸಾಕ್ಷಿ ಇಲ್ಲ. ಮತ್ತೆಂತ ಇದೆ ನಿಮ್ಮ ಹತ್ರ?"

"ಸೇದುವವರಲ್ಲಿ ಈ ಕಾಯಿಲೆ ಹೆಚ್ಚು ಕಾಣಿಸುತ್ತದೆ, ಬಂದ ಮೇಲೆ ಬೇಗ ಮುಂದುವರಿಯುತ್ತದೆ ಎಂದು ಹೊರದೇಶಗಳಲ್ಲಿ ಪ್ರಕಟವಾಗುತ್ತಿದೆ."

"ಸಿಗರೇಟಿನಿಂದಲೇ ಅಂತ ಪ್ರಕಟವಾಗಿದೆಯಾ?"

"ಸಂಬಂಧವಿದೆ ಎಂದು. ಕಾರಣವೆಂದು ಹೇಳಲು ಇನ್ನೂ..."

"ಇನ್ನೂ! ದಾಖಲಾಗಲಿ, ಸಾಕ್ಷಿದಾರರ ಕೊನೆಯ ಮಾತು 'ಇನ್ನೂ'. ಸ್ವಾಮಿ, ಬಸ್ ಸ್ಟ್ಯಾಂಡಲ್ಲಿ ಜೇಬುಗಳ್ಳತನ ಆದಾಗೆಲ್ಲ ಶಿವಮೊಗ್ಗ ಬಸ್ ಅಲ್ಲೇ ನಿಂತಿರ್ತದೆ. ಸಂಬಂಧ ಇದೆ. ಬಸ್ಸನ್ನ ಜೈಲಿಗೆ ಹಾಕ್ತೀರಾ? ಸಂಶಯದ ಲಾಭ ಆರೋಪಿಗೆ ಸಿಗಬೇಕು."

ಆ ಕಾಲದ ವಿಜ್ಞಾನ ಎಷ್ಟಿತ್ತೋ ಅಷ್ಟನ್ನೇ ನಾನು ಹೇಳಬಹುದಿತ್ತು. ಶ್ವಾಸಕೋಶದಲ್ಲಿ ತಂಗಿದ ಕಣಗಳು ಮಿದುಳಿಗೆ ನುಗ್ಗುವ ಸಾಮರ್ಥ್ಯ ಪಡೆಯುತ್ತವೆಂಬುದಕ್ಕೆ ಪ್ರಾಣಿಗಳಲ್ಲಿ ಪುರಾವೆ ದೊರೆತದ್ದು ಮುಂದಿನ ದಶಕದಲ್ಲಿ. ಮನುಷ್ಯರಲ್ಲಿ ಅದರ ವಿವರಗಳು ಇಂದಿಗೂ ಪೂರ್ಣವಾಗಿಲ್ಲ. ವಿಜ್ಞಾನದ ಸಾಕ್ಷಿಗಳು ನಮ್ಮ ಗ್ರಾಮೀಣ ಬಸ್ಸುಗಳಂತೆ, ಬಂದೇ ಬರುತ್ತವೆ. ಹೋಗಬೇಕಾದವರು ಹೋದ ಮೇಲೆ.

ನ್ಯಾಯಾಧೀಶರು ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕಿಟ್ಟರು. "ಕಾನೂನು ಪ್ರಕಾರ ಆರೋಪಿ ಖುಲಾಸೆ. ನೀವೇ ಗೆದ್ರಿ, ಸೇದಿ. ಆದ್ರೆ ನಾಳೆ ಬಿದ್ರೆ ಎತ್ತಲಿಕ್ಕೆ ನನ್ನ ಕರೀಬೇಡಿ, ಕಾನೂನನ್ನೇ ಕರೀರಿ."

ಖುಲಾಸೆಯಾದ ಆರೋಪಿಯನ್ನು ವಕೀಲರು ತಟ್ಟೆಯಿಂದ ಎತ್ತಿ ಅಲ್ಲಿಯೇ ಹಚ್ಚಿ ಗೌರವಿಸಿದರು. ಒಪ್ಪಂದದಂತೆ ನಾನು ಬಾಯಿ ಮುಚ್ಚಿಕೊಂಡೆ.

ಅನಂತರದ ಎರಡು ವರ್ಷಗಳಲ್ಲಿ ಕಾಯಿಲೆ ತನ್ನ ವಾದವನ್ನು ಅವಸರವಿಲ್ಲದೆ ಮಂಡಿಸಿತು. ಕೋಲು ಬಂತು. ಕೋಲನ್ನು ಅವರು ನ್ಯಾಯಾಲಯದ ಬಾಗಿಲ ಹೊರಗೆ, ಚಪ್ಪಲಿ ಬಿಟ್ಟಂತೆ, ಬಿಟ್ಟು ಒಳಗೆ ಹೋಗುತ್ತಿದ್ದರು. ವಾದ ಚಿಕ್ಕದಾಯಿತು. ಹಿಂದೆ ಅವರು ಎದ್ದು ನಿಂತರೆ ಎದುರು ಪಕ್ಷದವರು ಚಹಾ ಕುಡಿದು ಬರಬಹುದಿತ್ತು; ಈಗ ಕಾಲು ನಡುಗುವ ಮೊದಲು ಮುಗಿಸಬೇಕು. ಪರಿಣಾಮವಾಗಿ ಅವರು ಮೊದಲಿಗಿಂತ ಹೆಚ್ಚು ಪ್ರಕರಣಗಳನ್ನು ಗೆಲ್ಲತೊಡಗಿದರು. ವಕೀಲಿ ವೃತ್ತಿಯ ಮೇಲೆ ನರರೋಗದ ಸತ್ಪರಿಣಾಮಗಳ ಬಗ್ಗೆ ಯಾರೂ ಇನ್ನೂ ಪ್ರಬಂಧ ಬರೆದಿಲ್ಲ.

ಆಮೇಲೆ ಆ ಬೇಸಿಗೆ. ಮೇ ತಿಂಗಳ ಕೊನೆ, ಮಳೆ ಹಿಡಿಯದೆ ಸೆಕೆ ಹಿಡಿದ ದಿನಗಳು. ಕೊಪ್ಪದ ನ್ಯಾಯಾಲಯದಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು. ನೆರೆಯವನು ದಾರಿಗೆ ಅಡ್ಡವಾಗಿ ಗೋಡೆ ಕಟ್ಟುತ್ತಿದ್ದಾನೆ, ತಡೆಯಾಜ್ಞೆ ಬೇಕು ಎಂಬ ಸಾಮಾನ್ಯ ಅರ್ಜಿ. ನಾನು ಯಾವುದೋ ಪತ್ರಕ್ಕೆ ನೋಟರಿ ಮುದ್ರೆ ಹಾಕಿಸಲು ಹೋದವನು ಹಿಂದಿನ ಬೆಂಚಿನಲ್ಲಿದ್ದೆ. ಕರಿಕೋಟಿನೊಳಗೆ ವಕೀಲರು ಬೆವರುತ್ತಿದ್ದರು.

"ಸ್ವಾಮಿ, ದಾರಿ ನನ್ನ ಕಕ್ಷಿದಾರನದೇ ಎಂದು ಇವತ್ತೇ ಪೂರ್ತಿ ಸಾಬೀತು ಮಾಡುವ ಅಗತ್ಯ ನನಗಿಲ್ಲ. ಅದು ಮೂಲ ದಾವೆಯಲ್ಲಿ ತೀರ್ಮಾನವಾಗಲಿ. ಮೇಲುನೋಟಕ್ಕೆ ನಮ್ಮ ಮಾತಿನಲ್ಲಿ ಹುರುಳಿದೆಯೇ? ಗೋಡೆ ತಡವಾದರೆ ಅವರಿಗಾಗುವ ನಷ್ಟ ದೊಡ್ಡದೋ, ದಾರಿ ಹೋದರೆ ನಮಗಾಗುವುದು ದೊಡ್ಡದೋ? ಈಗ ತಡೆಯದಿದ್ದರೆ, ಆಮೇಲೆ ಸರಿಪಡಿಸಲಾಗದ ಹಾನಿ..."

ಅಲ್ಲಿಗೆ ನಿಂತರು. ಎದುರು ವಕೀಲರು ಅದನ್ನು ನಾಟಕೀಯ ವಿರಾಮವೆಂದು ತಿಳಿದರು. ಬಲಗಾಲು ಪ್ಯಾಂಟಿನೊಳಗೇ ಬಟ್ಟೆ ಒಗೆಯುವ ಯಂತ್ರದಂತೆ ಅದುರುತ್ತಿತ್ತು. ಎರಡೂ ಕೈ ಮೇಜಿನ ಅಂಚಿಗೆ ಬಂದವು. ನ್ಯಾಯಾಧೀಶರು ಕಂಡು, "ವಕೀಲರೇ, ಕೂತು ಮಾತಾಡಿ, ಅಡ್ಡಿಯಿಲ್ಲ" ಎಂದರು.

"ಬೇಡ ಸ್ವಾಮಿ. ಮುಂದೂಡಿಕೆ ಕೊಡಿ."

ಜೀವನದಲ್ಲಿ ಮೊದಲ ಬಾರಿ ಅವರು ಮುಂದೂಡಿಕೆ ಕೇಳಿದ್ದು. ಮುಂದೂಡಿಕೆಗಳ ಮೇಲೆಯೇ ಮನೆ ಕಟ್ಟಿಸಿದ್ದ ಎದುರು ವಕೀಲರು, ನ್ಯಾಯದಾನದಲ್ಲಿ ವಿಳಂಬದ ದುಷ್ಪರಿಣಾಮಗಳ ಬಗ್ಗೆ ಆಕ್ಷೇಪಣೆ ಸಲ್ಲಿಸಿದರು.

ಸಂಜೆ ವಕೀಲರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಕೂತರು. ಜೇಬಿನಿಂದ ಸಿಗರೇಟಿನ ಪ್ಯಾಕನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಎಂಥ ಮಂಡೆ ಮಾರಾಯ್ರೆ ನಂದು! ಎಂಥ ತಪ್ಪು ಮಾಡಿದೆ ಗೊತ್ತುಂಟಾ?"

"ಏನು?"

"ತಪ್ಪು ಕೋರ್ಟಿಗೆ ಹಾಕಿದೆ! ಸಿಗರೇಟನ್ನ ಕ್ರಿಮಿನಲ್ ಕೇಸಿನ ಹಾಗೆ ವಿಚಾರಣೆ ಮಾಡಿದೆ. ಅಲ್ಲಿ ಎಳ್ಳಷ್ಟು ಸಂಶಯ ಉಳಿದ್ರೂ ಆರೋಪಿ ಬಚಾವ್. ಹಾಕಬೇಕಾಗಿದ್ದು ಸಿವಿಲ್ ದಾವೆ. ತಡೆಯಾಜ್ಞೆಯ ಅರ್ಜಿ! ಅದಕ್ಕೆ ಪೂರ್ತಿ ಸಾಬೀತು ಯಾರು ಕೇಳ್ತಾರೆ? ಮೇಲುನೋಟಕ್ಕೆ ಹುರುಳಿರಬೇಕು. ಇತ್ತು, ನೀವು ಹೇಳಿದ್ರಲ್ಲಿ. ಬಿಟ್ರೆ ನನಗೆ ನಷ್ಟ ಎಂತ? ಬಾಯಿ ಸಪ್ಪೆ. ಬಿಡದಿದ್ರೆ ಹೋಗೋದು ಎಂತ? ಕಾಲು. ಹೋದದ್ದು ತಿರುಗಿ ಬರ್ತದಾ? ಇಲ್ಲ. ಮೂರಕ್ಕೆ ಮೂರೂ ಇತ್ತು ಮಾರಾಯ್ರೆ! ದಿನಾ ಊರವರಿಗೆಲ್ಲ ಈ ಅರ್ಜಿ ಬರೆದು ಕೊಡೋನು ನಾನು. ಇವತ್ತು ಆ ವಾದ ನನ್ನ ಬಾಯಲ್ಲೇ ಬಂತು, ಕಾಲು ಕೆಳಗಿಂದ 'ಹೌದು ಹೌದು' ಅಂತು."

ನಾನು ಸುಮ್ಮನಿದ್ದೆ, ಮಾತಾಡಬಾರದೆಂಬ ಕರಾರು ಜಾರಿಯಲ್ಲಿತ್ತು.

"ಮಾತಾಡಿ ಮಾರಾಯ್ರೆ, ಕರಾರು ರದ್ದು. ಬೈಯಿರಿ ಬೇಕಾದ್ರೆ."

"ಬೈಯುವುದಿಲ್ಲ. ಬಿಟ್ಟರೂ ಹೋದದ್ದು ತಿರುಗಿ ಬರುತ್ತದೆಂದು ನಾನು ಹೇಳಲಾರೆ" ಎಂದೆ.

"ಅದನ್ನ ಯಾರು ಕೇಳಿದ್ರು? ಕಟ್ಟಿದ ಗೋಡೆ ಬೀಳಿಸ್ಲಿಕ್ಕೆ ಬೇರೆ ದಾವೆ. ಇನ್ನೊಂದು ಕಲ್ಲು ಮೇಲೇರಬಾರದು, ಅಷ್ಟೇ."

ಆ ದಿನ ಅವರು ತಮ್ಮ ವಿರುದ್ಧವೇ ಪಡೆದ ತಡೆಯಾಜ್ಞೆಯನ್ನು ತೆರವುಗೊಳಿಸಲು ಮೊದಲ ತಿಂಗಳುಗಳಲ್ಲಿ ಎಷ್ಟು ಅರ್ಜಿ ಹಾಕಿದರೆಂಬುದನ್ನು ಅವರ ಪತ್ನಿ ಬಲ್ಲರು. ಊಟವಾದ ಮೇಲೆ ಒಂದು, ವಿಶೇಷ ವಿನಾಯಿತಿಯಡಿ? "ವಜಾ." ಹಬ್ಬದ ದಿನ ಅರ್ಧ? "ವಜಾ." ಒಂದು ದಿನ ಗೋಡೆಯ ಮೇಲಿಂದ ನನ್ನನ್ನು ಕರೆದು, ಹೊಗೆಯೇ ಇಲ್ಲದೆ ಹೊಗೆಸೊಪ್ಪನ್ನು ಎಲೆಯಡಿಕೆಯ ಜೊತೆ ಹಾಕಿಕೊಂಡರೆ ಶ್ವಾಸಕೋಶಕ್ಕೆ ಸಂಬಂಧವೇ ಬರುವುದಿಲ್ಲವಲ್ಲ ಎಂದು ಪಾಯಿಂಟ್ ಎತ್ತಿದರು. ಪಾಯಿಂಟ್ ಚೆನ್ನಾಗಿಯೇ ಇತ್ತು. ಕಾಯಿಲೆಯ ಮಟ್ಟಿಗೆ ದೋಷ ಹೊಗೆ ಶ್ವಾಸಕೋಶವನ್ನು ಕೆರಳಿಸುವುದರಲ್ಲಿದೆ ಎಂದೇ ನಾವೂ ಶಂಕಿಸುತ್ತಿದ್ದೆವು. ಬಾಯಿಯ ಕ್ಯಾನ್ಸರಿಗೆ ಪ್ರತ್ಯೇಕ ಪ್ರಕರಣ ದಾಖಲಾಗುತ್ತದೆ ಎಂದೆ. ಗೊಣಗಿಕೊಂಡು ಒಳಗೆ ಹೋದರು. ಮರುವರ್ಷ ನಿಷೇಧದ ಸುದ್ದಿ ಓದಿದ ದಿನ ಅವರ ಸಿಟ್ಟನ್ನು ನೋಡಬೇಕಿತ್ತು. "ನಾನು ಬಿಟ್ಟ ಮೇಲೆ ಸರ್ಕಾರಕ್ಕೆ ಬುದ್ಧಿ ಬಂತು! ಈಗ ಊರೆಲ್ಲ ಎಂತ ಹೇಳ್ತದೆ? ಕಾನೂನಿಗೆ ಹೆದರಿ ಬಿಟ್ಟ ಅಂತ!" ಅವರ ಈ ಭವಿಷ್ಯವಾಣಿಯನ್ನು ಸಂತಾಪ ಸಭೆಯ ಎರಡನೆಯ ಗಣ್ಯರು ನೆರವೇರಿಸಿದರು.

ಸಿಗರೇಟು ಬಿಟ್ಟದ್ದರಿಂದ ಕಾಯಿಲೆ ನಿಧಾನಿಸಿತೇ? ಅದಾದ ಮೇಲೆ ಅವರು ಇಳಿದ ವೇಗ ಮೊದಲಿಗಿಂತ ಕಡಿಮೆಯೆಂದು ಅವರ ಪತ್ನಿಗೂ ನನಗೂ ಕಂಡಿತು. ಆದರೆ ಒಬ್ಬ ಮನುಷ್ಯ ಪ್ರಯೋಗವಲ್ಲ. ಸಿಗರೇಟು ಬಿಡದ ಇನ್ನೊಬ್ಬ ವಕೀಲರು, ಅದೇ ಕಾಲು, ಅದೇ ಪತ್ನಿ, ಹೋಲಿಕೆಗೆ ನಮಗೆ ದೊರೆಯಲಿಲ್ಲ. ಅವರು ಮಾತ್ರ ನನ್ನನ್ನು ಕಂಡಾಗಲೆಲ್ಲ, "ಸಿಗರೇಟಿನ ಮೂಲ ದಾವೆ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು. "ವಿಚಾರಣೆಯಲ್ಲಿದೆ" ಎನ್ನುತ್ತಿದ್ದೆ.

ಇನ್ನು ಹೇಳಬೇಕಾದ್ದು ಎನ್.ಆರ್. ಪುರದ ದಾವೆ. ೨೦೦೯ರದು, ನಿಷೇಧದ ಮರುವರ್ಷವೆಂದು ನೆನಪಿಟ್ಟಿದ್ದೇನೆ. ಕಡಹಿನಬೈಲು ಕಡೆಯ ವಿಧವೆಯೊಬ್ಬರಿಗೆ ಗಂಡನ ಪಾಲಿನ ಗದ್ದೆ ಬರಬೇಕಿತ್ತು. ಮಾವ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಪಾಲು ಮುಗಿದಿದೆ, ಅವಳ ಗಂಡ ತನ್ನದನ್ನು ಬಿಟ್ಟುಕೊಟ್ಟಿದ್ದಾನೆ ಎಂದು ಮೈದುನಂದಿರ ವಾದ. ಅದನ್ನು ಕಣ್ಣಾರೆ ಕಂಡೆನೆಂದು ಹೇಳಲು ದೂರದ ನೆಂಟ ಒಬ್ಬ ಸಿದ್ಧನಾಗಿ ಬಂದಿದ್ದ. ಧಡೂತಿ ಆಳು, ಪಾಠ ಚೆನ್ನಾಗಿ ಒಪ್ಪಿಸುತ್ತಿದ್ದ. ಅವನ ಸುಳ್ಳನ್ನು ಬಿಡಿಸಲು ಅವಸರ ಸಾಲದು, ಅಂದು ಯಾರು ಎಲ್ಲಿ ಕೂತಿದ್ದರು, ಏನು ಉಂಡರು, ಯಾವ ದಾರಿಯಲ್ಲಿ ಬಂದರು ಎಂದು ಎಳೆ ಎಳೆಯಾಗಿ ಪಾಟೀ ಸವಾಲು ನಡೆಸಬೇಕು. ವಕೀಲರ ಕಾಲಿಗೆ ಆಗ ಅಷ್ಟು ಹೊತ್ತಿನ ಶಕ್ತಿಯಿರಲಿಲ್ಲ.

ಹಿಂದಿನ ದಿನ ಅವರ ಜಗಲಿಯಲ್ಲಿ ಪತ್ನಿ ನೇರವಾಗಿ ಕೇಳಿದರು. "ಬೇರೆ ವಕೀಲರಿಗೆ ವಹಿಸಬಾರದಾ?"

"ಆ ಹೆಂಗಸು ನನ್ನ ನಂಬಿ ಬಂದದ್ದು."

"ಹಾಗಾದ್ರೆ ಬೇಗ ಮುಗಿಸಿ."

"ಬೇಗ ಮುಗಿಸಿದ್ರೆ ಅವಳ ಗದ್ದೆ ಹೋಗ್ತದೆ. ನಿಂತ್ರೆ ಸವಾಲು ಮೊಟಕು, ಕೂತ್ರೆ ನಾನು ಮೊಟಕು."

ಮರುದಿನ ಕಾರಿನಲ್ಲಿ ನಾನೂ ಜೊತೆಗೆ ಹೋದೆ.

ಪ್ರಕರಣ ಕೂಗಿದರು. ವಿಧವೆ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದರು. ವಕೀಲರು ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತರು. ಸಾಕ್ಷಿಕಟ್ಟೆಯಲ್ಲಿ ನೆಂಟ ಪ್ರಮಾಣವಚನ ಮುಗಿಸಿ ಸವಾಲಿಗೆ ಕಾಯುತ್ತಿದ್ದ. ಎದುರು ಪಕ್ಷದ ವಕೀಲರು ಗಡಿಯಾರ ನೋಡಿಕೊಂಡರು; ಕಾಲಿನ ಸಂಗತಿ ಅವರಿಗೆ ತಿಳಿದಿತ್ತು.

"ಸ್ವಾಮಿ, ಮೊದಲು ಒಂದು ಮನವಿ" ಎಂದರು ನಮ್ಮವರು. ಧ್ವನಿ ಎಂದಿನಂತೆಯೇ ಇತ್ತು. "ನನಗೊಂದು ಕುರ್ಚಿ ಬೇಕು."

ಕುರ್ಚಿ ಬಂತು. ಅವರು ಅದರ ಕೈಗಳನ್ನು ಹಿಡಿದು, ಬಿಸಿನೀರಿಗಿಳಿಯುವವರಂತೆ, ನಿಧಾನವಾಗಿ ಕೂತರು. ಆಮೇಲೆ ಆರಂಭಿಸಿದರು. ನೆಂಟರೇ, ಆ ದಿನ ನೀವು ಬಂದದ್ದು ಬಸ್ಸಿನಲ್ಲೋ, ನಡೆದೋ? ಬಸ್ಸಿನಲ್ಲಾದರೆ ಇಳಿದದ್ದು ಎಲ್ಲಿ? ನಡೆದಾದರೆ ಹೊಳೆ ದಾಟಿದ್ದು ಹೇಗೆ? ಊಟಕ್ಕೆ ಬಡಿಸಿದವರು ಯಾರು? ಈಕೆಯ ಅತ್ತೆಯೇ? ಅವರು ತೀರಿಹೋದ ವರ್ಷ ಯಾವುದು? ಹಾಗಾದರೆ ಬಡಿಸಿದ್ದು ಯಾರು? ಒಂದಕ್ಕೂ ಧ್ವನಿ ಏರಿಸಲಿಲ್ಲ, ಒಂದನ್ನೂ ಅರ್ಧಕ್ಕೆ ಬಿಡಲಿಲ್ಲ. ಮಧ್ಯಾಹ್ನದ ಊಟದ ವಿರಾಮ ಬಂದು ಹೋಯಿತು. ಕೂತ ಮನುಷ್ಯನಿಗೆ ಆಯಾಸವೇ ಇರಲಿಲ್ಲ. ಕಟ್ಟೆಯಲ್ಲಿದ್ದ ನೆಂಟ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದ, ಕಟಾಂಜನಕ್ಕೆ ಒರಗಿದ, ನೀರು ಕೇಳಿದ. ಸತ್ತ ಅತ್ತೆಯಿಂದ ಊಟ ಬಡಿಸಿಕೊಂಡವನು ಈಗ ಯಾವ ಊಟವನ್ನೂ ಉಂಡ ನೆನಪಿಲ್ಲವೆನ್ನುವ ಸ್ಥಿತಿಗೆ ಬಂದಿದ್ದ. ಬಾಗಿಲ ಬಳಿಯ ಹೆಂಗಸು ಸೆರಗಿನ ಹಿಡಿತ ಸಡಿಲಿಸಿ ಮೊದಲ ಬಾರಿಗೆ ಒಳಕ್ಕೆ ಒಂದು ಹೆಜ್ಜೆ ಇಟ್ಟರು.

ಕೊನೆಗೆ ಸಾಕ್ಷಿದಾರ ನ್ಯಾಯಾಧೀಶರ ಕಡೆ ತಿರುಗಿ ಕೈ ಮುಗಿದ.

"ಸ್ವಾಮಿ, ಕಾಲು ಸೋತು ಹೋಯ್ತು. ನಂಗೂ ಒಂದು ಕುರ್ಚಿ ಸಿಗ್ತದಾ?"

ನ್ಯಾಯಾಧೀಶರು ನಮ್ಮ ವಕೀಲರನ್ನು ನೋಡಿದರು. "ನಿಮ್ಮ ಆಕ್ಷೇಪಣೆ ಇದೆಯೇ?"

"ಇಲ್ಲ ಸ್ವಾಮಿ, ಕೊಡಿ" ಎಂದರು ವಕೀಲರು, ಸಾಕ್ಷಿದಾರನಿಂದ ಕಣ್ಣು ತೆಗೆಯದೆ. "ಕೂತ್ಕೊ ಮಾರಾಯ. ಮೊದಲ ದಿನ ಸ್ವಲ್ಪ ಕಷ್ಟ ಆಗ್ತದೆ."